ಗೊಗ್ಯಾಂ ಚಿತ್ರದಲ್ಲಿ ನೆಲ ಯಾಕೆ ಕೆಂಪು?

ಫ್ರೆಂಚ್ ಚಿತ್ರಕಾರ ಪಾಲ್ ಗೊಗ್ಯಾಂ 1888ರಲ್ಲಿ ಬಿಡಿಸಿದ 'ಪ್ರವಚನದ ನಂತರದ ದರ್ಶನ' ಚಿತ್ರದ ನೆಲ ಕೆಂಪಗಿರುವುದು ಯಾಕೆ ಅಂತ ಕೇಳಿದ್ದೀರಿ. ಅದು ಕಣ್ಣಿಗೆ ಕಾಣುವ ಹೊಲ ಅಲ್ಲ, ಮನಸ್ಸಿನೊಳಗಿನದು. ಫ್ರಾನ್ಸಿನ ಬ್ರಿಟನಿಯ ಹಳ್ಳಿ ಹೆಂಗಸರು ಚರ್ಚಿನಲ್ಲಿ ಬೈಬಲಿನ ಯಾಕೋಬನ ಕಥೆ ಕೇಳಿ ಬಂದಿದ್ದಾರೆ. ಅವನು ದೇವದೂತನ ಜೊತೆ ಕುಸ್ತಿ ಮಾಡುವುದು ಈಗ ಅವರಿಗೆ ಕಾಣುತ್ತಿದೆ. ಅಡ್ಡಲಾಗಿ ಬಾಗಿದ ಮರದ ಕಾಂಡ ನೋಡಿ. ಈಚೆ ಹೆಂಗಸರು, ಒಂದು ಪುಟ್ಟ ಹಸು. ಆಚೆ ಕುಸ್ತಿ. ಆ ನೆಲ, ಆ ಕುಸ್ತಿ ಪ್ರಾರ್ಥಿಸುವವರ ಕಲ್ಪನೆಯಲ್ಲಿ ಮಾತ್ರ ಇದೆ ಅಂತ ಗೊಗ್ಯಾಂ ತನ್ನ ಚಿತ್ರಕಾರ ಗೆಳೆಯ ವ್ಯಾನ್ ಗೋಗೆ ಬರೆದಿದ್ದ.

ನನಗೆ ಜಾಸ್ತಿ ಹಿಡಿಸುವುದು ಬಿಳಿ ಟೋಪಿಯ ಆ ಮುಖಗಳು. ಕೆಲವರ ಕಣ್ಣು ಮುಚ್ಚಿದೆ, ಆದರೂ ನೋಡುತ್ತಿದ್ದಾರೆ ಅಲ್ವಾ? ಭಾವಕ್ಕೆ ತಕ್ಕ ಬಣ್ಣ ಹಚ್ಚುವ ಈ ದಾರಿಯನ್ನೇ ಮುಂದೆ ಜರ್ಮನಿಯ ಕಲಾವಿದರಾದ ಎಕ್ಸ್‌ಪ್ರೆಷನಿಸ್ಟರು ಹಿಡಿದರು.