ಹೊಸ ಲ್ಯಾಪ್‌ಟಾಪ್‌ನಲ್ಲಿ ಪದೇ ಪದೇ ನೀಲಿ ಪರದೆ: ಅಂಗಡಿಯವರು ಹೇಳಿದಂತೆ ಫಾರ್ಮ್ಯಾಟ್ ಮಾಡಿಸಲೇ?

ಸದ್ಯಕ್ಕೆ ಬೇಡ. ಕೊಂಡು ಎರಡು ವಾರವಾಗಿದೆ, ಅಂಗಡಿಯವರೇ 8 ಜಿಬಿ ರ‍್ಯಾಮ್ (ಕೆಲಸದ ಹೊತ್ತಿನಲ್ಲಿ ಮಾಹಿತಿ ಕೂರುವ ಮೆಮೊರಿ) ಹೆಚ್ಚುವರಿಯಾಗಿ ಹಾಕಿಕೊಟ್ಟಿದ್ದಾರೆ, ನೀಲಿ ಪರದೆ ಬಂದು ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ, ಒಂದೊಂದು ಸಲ ಒಂದೊಂದು ಸಂದೇಶ ಬರುತ್ತದೆ ಎಂದು ಬರೆದಿದ್ದೀರಿ. ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬು. ಇಷ್ಟು ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಆ ಹೆಚ್ಚುವರಿ ರ‍್ಯಾಮ್ ಮೇಲೆ. ಅದು ಕೆಟ್ಟಿದ್ದರೆ ಡಿಸ್ಕ್ ಅಳಿಸಿ ಹತ್ತು ಸಲ ಫಾರ್ಮ್ಯಾಟ್ ಮಾಡಿದರೂ ತೊಂದರೆ ಹೋಗುವುದಿಲ್ಲ. ಹೋಗುವುದು ನಿಮ್ಮ ಕೈಯಲ್ಲಿರುವ ಪುರಾವೆ ಮತ್ತು ವಾಪಸು ಕೊಡಲು ಇರುವ ಗಡುವು, ಇವೆರಡೇ.

ಪುರಾವೆ ಎಂದರೆ ಏನು? ನೀಲಿ ಪರದೆ ಬಂದಾಗ ವಿಂಡೋಸ್ ಸಾಮಾನ್ಯವಾಗಿ ಒಂದು ಸಣ್ಣ ಫೈಲನ್ನು ಬರೆದಿಡುತ್ತದೆ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಫೋಲ್ಡರ್ ಇರುತ್ತದೆ, ಅದರಲ್ಲಿರುವುದನ್ನೆಲ್ಲ ಮೊದಲು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಬ್ಲೂಸ್ಕ್ರೀನ್‌ವ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೋಡ್‌ನೊಂದಿಗೆ ಯಂತ್ರ ಬಿತ್ತು (ಕ್ರ್ಯಾಶ್ ಆಯಿತು) ಎಂಬುದು ಸಾಲಾಗಿ ಕಾಣುತ್ತದೆ. ಅಲ್ಲಿ ಎನ್‌ಟಿಓಎಸ್‌ಕರ್ನಲ್ ಎಂಬ ಹೆಸರು (ಅದು ವಿಂಡೋಸ್‌ನ ತಿರುಳು ಫೈಲು) ಮತ್ತೆ ಮತ್ತೆ ಕಂಡರೆ ವಿಂಡೋಸನ್ನು ಬೈಯಬೇಡಿ. ಬಹುತೇಕ ಸಲ ಅದು ಹೆಣ ಬಿದ್ದ ಜಾಗವಷ್ಟೇ, ಕೊಲೆಗಾರನಲ್ಲ.

ಸಂದೇಶ ಬೇರೆ ಬೇರೆ ಬರುವುದಕ್ಕೆ ನಾನು ಇಷ್ಟು ಬೆಲೆ ಕೊಡಲು ಕಾರಣವಿದೆ. ಡ್ರೈವರ್ (ವಿಂಡೋಸ್‌ನ ತಳದಲ್ಲಿ ಓಡುವ ಸಣ್ಣ ತಂತ್ರಾಂಶ) ತಪ್ಪಾಗಿದ್ದರೆ ಯಂತ್ರ ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ಬೀಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ಕುಳಿತವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲಿ ಯಂತ್ರ ಯಾವುದಾದರೇನು, ಬೆರಳು ತೋರಿಸುತ್ತಿದ್ದುದು ಅದೇ ಕಂಪನಿಯ ಡ್ರೈವರಿನತ್ತ. ಕೆಟ್ಟ ರ‍್ಯಾಮ್‌ಗೆ ಇಂಥ ನಿಯತ್ತಿಲ್ಲ. ಹಾಳಾದ ಜಾಗದಲ್ಲಿ ಆ ಹೊತ್ತಿಗೆ ಯಾವ ಪ್ರೋಗ್ರಾಮಿನ ಮಾಹಿತಿ ಕುಳಿತಿರುತ್ತದೋ ಅದರ ಹೆಸರು ಕೆಡುತ್ತದೆ. ಇವತ್ತು ಬ್ರೌಸರ್, ನಾಳೆ ಡಿಸ್‌ಪ್ಲೇ ಡ್ರೈವರ್, ನಾಡಿದ್ದು ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ಕೋಡ್.

ಆದ್ದರಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಲ್ಯಾಪ್‌ಟಾಪ್ ಬೂಟ್ (ಶುರು) ಮಾಡಿ, ಚಾರ್ಜರ್ ಸಿಕ್ಕಿಸಿ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದೇ ಒಂದು ದೋಷದ ಸಾಲು ಕಂಡರೂ ಫೇಲ್ ಎಂದೇ ಲೆಕ್ಕ. ‘ಒಂದೆರಡು ಇರುತ್ತವೆ ಬಿಡಿ ಸಾರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಂಡೋಸ್‌ನಲ್ಲೇ ಒಂದು ಮೆಮೊರಿ ಪರೀಕ್ಷೆ ಇದೆ, ಆದರೆ ಅದು ‘ಏನೂ ತೊಂದರೆಯಿಲ್ಲ’ ಎಂದ ಯಂತ್ರಗಳಲ್ಲಿ ಆಮೇಲೆ ದೋಷ ಸಿಕ್ಕಿರುವುದನ್ನು ನೋಡಿದ್ದೇನೆ.

ದೋಷ ಸಿಕ್ಕರೆ ಅಂಗಡಿಗೆ ಹೋಗಿ ಹೆಚ್ಚುವರಿ ರ‍್ಯಾಮ್ ಕಡ್ಡಿಯನ್ನು ನಿಮ್ಮೆದುರಿಗೇ ತೆಗೆಸಿ. ಹಿಂಬದಿಯ ಮುಚ್ಚಳವನ್ನು ನೀವೇ ಬಿಚ್ಚಬೇಡಿ, ನಾಳೆ ವಾರಂಟಿಗೆ ಅದೇ ನೆಪವಾದೀತು. ಎರಡು ಬದಿಯ ಕ್ಲಿಪ್‌ಗಳನ್ನು ಹೊರಕ್ಕೆ ಸರಿಸಿದರೆ ಕಡ್ಡಿ ಓರೆಯಾಗಿ ಮೇಲೆದ್ದು ನಿಲ್ಲುತ್ತದೆ. ತೆಗೆಯುವ ಮುನ್ನ ಅದರ ಚಿನ್ನದ ಬಣ್ಣದ ಅಂಚು ಪೂರ್ತಿ ಒಳಗೆ ಕುಳಿತಿತ್ತೇ ನೋಡಿ. ಕೆಲವೊಮ್ಮೆ ಸರಿಯಾಗಿ ಕೂರಿಸದಿರುವುದೇ ಇಡೀ ರಗಳೆಗೆ ಕಾರಣವಾಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ನಿಮ್ಮೂರಿನ ಅಂಗಡಿಯಾಗಲಿ, ಹೀಗೆ ರ‍್ಯಾಮ್ ಸೇರಿಸಿಕೊಡುವುದು ಮಾಮೂಲು, ಅದರಲ್ಲಿ ತಪ್ಪಿಲ್ಲ. ಆದರೆ ಆ ಕಡ್ಡಿಗೆ ಲ್ಯಾಪ್‌ಟಾಪ್ ಕಂಪನಿ ಜವಾಬ್ದಾರಿಯಲ್ಲ. ಅದನ್ನು ಮಾರಿದವರೇ ಬದಲಿಸಿಕೊಡಬೇಕು.

ಹೆಚ್ಚುವರಿ ಕಡ್ಡಿ ತೆಗೆದ ಮೇಲೂ ಬೀಳುತ್ತಿದ್ದರೆ ಮಾತು ಬೇರೆ. ಆಗ ಕಂಪನಿಯ ಜಾಲತಾಣದಿಂದಲೇ ನಿಮ್ಮ ಮಾದರಿಯ ಡ್ರೈವರ್‌ಗಳನ್ನೂ ಬಯಾಸ್ (ವಿಂಡೋಸ್‌ಗೂ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಅಪ್‌ಡೇಟನ್ನೂ ಹಾಕಿ. ಬಯಾಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿಯೇ ಬರುತ್ತದೆ, ಅಪ್‌ಡೇಟ್ ಆದ ಮೇಲೆ 48 ಅಂಕಿಗಳ ಆ ಕೀ ಕೇಳಿದರೆ ಕಂಗಾಲಾಗುತ್ತೀರಿ. ನೀಲಿ ಪರದೆಯೂ ಇಲ್ಲದೆ, ಡಂಪ್ ಫೈಲೂ ಇಲ್ಲದೆ ದೀಪ ಆರಿದಂತೆ ಆಫ್ ಆಗತೊಡಗಿದರೆ ಶಾಖ, ಚಾರ್ಜರ್ ಅಥವಾ ಮದರ್‌ಬೋರ್ಡ್ ಕಡೆ ನೋಡಬೇಕು. ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನಲ್ ಪವರ್ 41’ ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ.

ಇದರ ನಡುವೆ ಅಂಗಡಿಯವರಿಗೂ ಕಂಪನಿಗೂ ಇವತ್ತೇ ಇಮೇಲ್ ಕಳಿಸಿ, ಪರದೆಯ ಫೋಟೊ ಮತ್ತು ಬಿಲ್ಲಿನ ಪ್ರತಿ ಲಗತ್ತಿಸಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ದೂರು ದಾಖಲಿಸಿ.