ಹೆಪಟೈಟಿಸ್ ಸಿ: ಅಪ್ಪನ ತಟ್ಟೆ ಬೇರೆ ಇಡಬೇಕಾ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಸಿವಿ, ಅಂದರೆ ಹೆಪಟೈಟಿಸ್ ಸಿ ವೈರಸ್, ಪಾಸಿಟಿವ್ ಅಂತ ಬಂತು. ಅವರು ಕುಡಿಯುವವರಲ್ಲ, ಕಾಮಾಲೆಯೂ ಬಂದಿರಲಿಲ್ಲ. 1993ರಲ್ಲಿ ಅಪಘಾತವಾದಾಗ ರಕ್ತ ಹಾಕಿದ್ದರು. ಅಮ್ಮ ಈಗ ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಚಿಕ್ಕಪ್ಪ ನಾಟಿ ಔಷಧಿ ಕೊಡಿಸೋಣ ಅಂತಿದ್ದಾರೆ. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: ಮೊದಲು ಆ ತಟ್ಟೆ, ಲೋಟ ಒಳಗೆ ತರಿಸಿ. ಇದು ರಕ್ತದಿಂದ ಹರಡುವ ಲಿವರ್ ಕಾಯಿಲೆ. ಜೊತೆಗೆ ಕೂತು ಉಂಡರೆ, ಮೊಮ್ಮಕ್ಕಳನ್ನು ಎತ್ತಿಕೊಂಡರೆ ಬರುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಶ್, ಉಗುರು ಕತ್ತರಿಸುವ ಕಟರ್ ಮಾತ್ರ ಬೇರೆ ಇರಲಿ.

ಈಗ ಬಂದಿರುವ ಪಾಸಿಟಿವ್ ಅಂದರೆ, ವೈರಸ್ ಯಾವಾಗಲೋ ಮೈಗೆ ಹೊಕ್ಕಿತ್ತು ಅಂತ ಅಷ್ಟೇ. ಕೆಲವರಲ್ಲಿ ಅದು ತಾನಾಗಿಯೇ ಹೋಗಿರುತ್ತದೆ. ಇನ್ನೂ ಇದೆಯಾ ಅಂತ ತಿಳಿಯಲು ಆರ್‌ಎನ್‌ಎ ಪರೀಕ್ಷೆ ಆಗಬೇಕು, ವೈರಲ್ ಲೋಡ್ ಅಂತಲೂ ಕರೆಯುತ್ತಾರೆ. ಬಹಳ ಜನ ಮೊದಲ ರಿಪೋರ್ಟ್ ನೋಡಿ ಹೆದರಿ ಅಲ್ಲಿಗೇ ನಿಂತುಬಿಡುತ್ತಾರೆ, ಅದೇ ನನಗೆ ಜಾಸ್ತಿ ಬೇಜಾರು. ಜಿಲ್ಲಾ ಆಸ್ಪತ್ರೆಗೆ ಹೋಗಿ ವಿಚಾರಿಸಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

ವೈರಸ್ ಇದ್ದರೆ ಸಾಮಾನ್ಯವಾಗಿ ಸೊಫೊಸ್‌ಬುವಿರ್, ಡಕ್ಲಟಾಸ್‌ವಿರ್ ಮಾತ್ರೆಗಳನ್ನು ದಿನಕ್ಕೊಮ್ಮೆ 12 ವಾರ ಕೊಡುತ್ತಾರೆ. ಲಿವರ್ ತುಂಬಾ ಹಾಳಾಗಿದ್ದರೆ ಔಷಧಿ, ಅವಧಿ ಎರಡೂ ಬದಲಾಗುತ್ತವೆ. ನೂರಕ್ಕೆ 95ಕ್ಕಿಂತ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ಕೋರ್ಸ್ ಮುಗಿದು 12 ವಾರವಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಶುರುವಿನಲ್ಲೇ ಹೆಪಟೈಟಿಸ್ ಬಿ ಇದೆಯಾ ಅಂತಲೂ ನೋಡಿಸಿ, ಯಾಕೆಂದರೆ ಈ ಮಾತ್ರೆಗಳಿಂದ ಅದು ಕೆರಳುವ ಸಾಧ್ಯತೆ ಇದೆ. ಚಿಕ್ಕಪ್ಪನಿಗೆ ಪ್ರೀತಿಯಿಂದಲೇ ಹೇಳಿ: ನಾಟಿ ಔಷಧಿ ಈ ವೈರಸ್ಸನ್ನು ತೆಗೆಯುವುದಿಲ್ಲ, ಸುಮ್ನೆ ತಿಂಗಳುಗಳು ಕಳೆದುಹೋಗುತ್ತವೆ.

ಪ್ರಶ್ನೆ: ಏನೂ ತೊಂದರೆ ಇಲ್ಲದವರು ಯಾಕೆ ಪರೀಕ್ಷೆ ಮಾಡಿಸಬೇಕು?
– ಓದುಗರು, ತುಮಕೂರು

ಉತ್ತರ: ತೊಂದರೆ ಕಾಣುವ ಹೊತ್ತಿಗೆ ಲಿವರ್ ಗಟ್ಟಿಯಾಗಿ ಹಾಳಾಗಿರುತ್ತದೆ, ಕೆಲವರಿಗೆ ಕ್ಯಾನ್ಸರ್ ಕೂಡ ಆಗಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇರುವ ಕಾಯಿಲೆ ಇದು.

ಈಜಿಪ್ಟ್ ನೋಡಿ. ಅಲ್ಲಿ 1950ರ ದಶಕದಿಂದ 80ರ ದಶಕದ ಆರಂಭದವರೆಗೆ ಬಿಲ್ಹಾರ್ಜಿಯಾ ಎಂಬ ಹುಳುವಿನ ಕಾಯಿಲೆಗೆ ಸರ್ಕಾರವೇ ಊರೂರಲ್ಲಿ ಇಂಜೆಕ್ಷನ್ ಕೊಡಿಸಿತು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಲಕ್ಷಾಂತರ ಜನಕ್ಕೆ ಹರಡಿತು. ಅದೇ ದೇಶ 2018ರ ಅಕ್ಟೋಬರ್‌ನಿಂದ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರನ್ನು ಪರೀಕ್ಷಿಸಿ, ಸಿಕ್ಕವರಿಗೆ ಉಚಿತವಾಗಿ ಮಾತ್ರೆ ಕೊಟ್ಟಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ನಿರ್ಮೂಲನೆಯ ಹಾದಿಯಲ್ಲಿ ಚಿನ್ನದ ದರ್ಜೆ ನೀಡಿತು. ಕಾಯಿಲೆ ಗೊತ್ತಿಲ್ಲದವರನ್ನು ಹುಡುಕಿ ಹೋಗಿದ್ದರಿಂದಲೇ ಅಲ್ವಾ ಇದು ಆಗಿದ್ದು?

ನಮ್ಮಲ್ಲಿ ರಕ್ತನಿಧಿಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾದದ್ದು 2001-02ರ ಸುಮಾರಿಗೆ. ಅದಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್‌ನಲ್ಲಿ ಇರುವವರು, ಸೂಜಿಯಲ್ಲಿ ನಶೆ ಔಷಧ ತೆಗೆದುಕೊಂಡವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಸಿ. ಇದಕ್ಕೆ ಲಸಿಕೆ ಇಲ್ಲ, ಗುಣವಾದವರಿಗೂ ಮತ್ತೆ ಅಂಟಬಹುದು. ಅದಕ್ಕೇ ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡು, ಕ್ಲಿನಿಕ್ಕಿನಲ್ಲಿ ಹೊಸ ಸಿರಿಂಜು ಬೇಕು ಅಂತ ಸಂಕೋಚವಿಲ್ಲದೆ ಕೇಳಿ.