ಶಿರಸ್ತ್ರಾಣವೂ ಅಜ್ಜಿಯ ತ್ರಾಣವೂ

ಪ್ರಶ್ನೆ: ನಮ್ಮೂರ ಸರ್ಕಲ್ಲಿನಲ್ಲಿ ‘ಶಿರಸ್ತ್ರಾಣ ಧರಿಸಿ’ ಎಂಬ ಬೋರ್ಡಿದೆ. ಮನೆಯಲ್ಲಿ ಅಜ್ಜಿ ‘ಏಳಲಿಕ್ಕೂ ತ್ರಾಣ ಇಲ್ಲ ಮಾರಾಯ’ ಅನ್ನುತ್ತಾರೆ. ತ್ರಾಣ ಅಂದರೆ ಶಕ್ತಿಯಲ್ಲವೇ? ಹೆಲ್ಮೆಟ್ಟಿಗೂ ಅದಕ್ಕೂ ಏನು ಸಂಬಂಧ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಒಂದೇ ಶಬ್ದ. ಸಂಸ್ಕೃತದಲ್ಲಿ ತ್ರಾಣ ಎಂದರೆ ಕಾಪು, ರಕ್ಷಣೆ. ತಲೆ ಕಾಯುವುದು ಶಿರಸ್ತ್ರಾಣ, ಬಿಲ್ಲುಗಾರನ ಬೆರಳು ಕಾಯುವುದು ಅಂಗುಲಿತ್ರಾಣ. ಗೀತೆಯ ‘ಪರಿತ್ರಾಣಾಯ ಸಾಧೂನಾಂ’ ನಿಮಗೂ ಬಾಯಿಗೆ ಬರುತ್ತದೆ. ಬೋರ್ಡು ಬರೆದವರು ಸಂಸ್ಕೃತದ ಅರ್ಥ ಹಿಡಿದರು, ಅಜ್ಜಿ ಕನ್ನಡದ್ದು. ಮರಾಠಿಯವರೂ ‘ಅಂಗಾತ ತ್ರಾಣ ನಾಹೀ’ (ಮೈಯಲ್ಲಿ ತ್ರಾಣವಿಲ್ಲ) ಎಂದು ಅಜ್ಜಿಯ ಕಡೆಗೇ ನಿಲ್ಲುತ್ತಾರೆ. ಕಾಪು ಹೇಗೆ ಕಸುವಾಯಿತು? ಮೈಯನ್ನು ಕಾಯುವುದು ಮೈಯೊಳಗಿನ ಬಲವೇ ತಾನೇ, ಹಾಗೆ ಹೊರಳಿರಬೇಕು. ಇದು ನನ್ನ ಊಹೆ.

ಬಳಕೆಯಲ್ಲಿ ಈ ಶಬ್ದಕ್ಕೊಂದು ವಿಚಿತ್ರ ಗುಣವಿದೆ: ಇದ್ದಾಗ ಯಾರೂ ಅದರ ಹೆಸರೆತ್ತುವುದಿಲ್ಲ. ನನಗೆ ಚಿಕೂನ್‌ಗುನ್ಯಾ ಬಂದು ಬಿಟ್ಟಮೇಲೆ ವಾರಗಟ್ಟಲೆ ಪೆನ್ನಿನ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಈ ಅಂಕಣದ ಉತ್ತರಗಳನ್ನು ಮಗಳಿಗೆ ಹೇಳಿ ಬರೆಸಿದೆ. ಡಾಕ್ಟರು ‘ವೀಕ್‌ನೆಸ್ಸು’ ಅಂದರು. ಗಂಜಿ ತಂದುಕೊಟ್ಟ ಪಕ್ಕದ ಮನೆಯಾಕೆ ಕೈ ನೋಡಿ, ‘ತ್ರಾಣವೇ ಹಾರಿಹೋಗಿದೆಯಲ್ಲ ಮೇಷ್ಟ್ರೇ’ ಅಂದರು. ಡಾಕ್ಟರ ಮಾತಿಗಿಂತ ಅದೇ ಸರಿಯೆನಿಸಿತು.

ಹುಮ್ಮಸ್ಸು, ಹುರುಪು ಮನಸ್ಸಿನವು. ಜಾತ್ರೆಗೆ ಹೊರಟ ಮಕ್ಕಳಲ್ಲಿ ಕಾಣುತ್ತವೆ. ಕಸುವು ಮೈಗೂ ಸೈ, ಮಣ್ಣಿಗೂ ಸೈ: ‘ಗೊಬ್ಬರ ಕಾಣದ ಗದ್ದೆಯಲ್ಲಿ ಕಸುವೆಲ್ಲಿ?’ ಅನ್ನುತ್ತೇವೆ. ಗದ್ದೆಗೆ ತ್ರಾಣ ಅನ್ನುವವರನ್ನು ನಾನು ಕಂಡಿಲ್ಲ. ತ್ರಾಣ ಉಸಿರಾಡುವ ಮೈಯದು. ‘ಹೊಸ ತ್ರಾಣದೊಂದಿಗೆ ಕಣಕ್ಕಿಳಿದ ತಂಡ’ ಎಂದು ಯಾರಾದರೂ ಬರೆದರೆ, ಆಟಗಾರರು ಮೊನ್ನೆಯಷ್ಟೇ ಜ್ವರದಿಂದ ಎದ್ದವರು ಎಂದೇ ನಾನು ಓದಿಕೊಳ್ಳುತ್ತೇನೆ.

ಇನ್ನು ‘ನಿತ್ರಾಣ’. ನಿಸ್ತೇಜದ ಲೆಕ್ಕದಲ್ಲಿ ಅದು ನಿಸ್ತ್ರಾಣವಾಗಬೇಕಿತ್ತು. ಕನ್ನಡದ ನಾಲಿಗೆ ನಡುವಿನ ‘ಸ’ಕಾರವನ್ನು ಉದುರಿಸಿಕೊಂಡಿದೆ. ಕೆಲಸದಲ್ಲಿದ್ದಾಗ ಹುಡುಗರು ನಿತ್ರಾಣ ಎಂದು ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಈಗ ನಾನೇ ಹಾಗೆ ಬರೆಯುತ್ತೇನೆ.